ಶಿಕ್ಷೆಯೂ ಇಲ್ಲ, ಬಿಡುಗಡೆಯೂ ಇಲ್ಲ: ಪ್ರೊಬೇಷನ್ ಕಾನೂನು ಮತ್ತು ನಾವು

(ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಯಾವ ವಿಷಯ ಮಾತಾಡಲಿ ಎಂದು ಸಭೆ ಏರ್ಪಡಿಸಿದವರನ್ನು ಕೇಳಿದೆ. ‘ನೀವೇ ಆರಿಸಿಕೊಳ್ಳಿ ಮೇಡಂ’ ಎಂದರು. ನಾನು ಆರಿಸಿಕೊಳ್ಳುವ ಮೊದಲೇ ವಿಷಯ ನನ್ನನ್ನು ಹುಡುಕಿಕೊಂಡು ಬಂತು. ನಮ್ಮ ಮಂಗಳವಾರದ ಸಂಘದಲ್ಲಿ ಒಬ್ಬಾಕೆ ಉಳಿತಾಯದ ಹಣ ಕಟ್ಟಿ, ಎಲ್ಲರೂ ಎದ್ದು ಹೋದ ಮೇಲೂ ಕುಳಿತೇ ಇದ್ದಳು. ಆಮೇಲೆ ಕೇಳಿದಳು: ‘ಮೇಡಂ, ನನ್ನ ಗಂಡ ತಪ್ಪು ಮಾಡಿದ್ದಾನೆ ಅಂತ ಕೋರ್ಟೇ ಹೇಳಿತು. ಅದೇ ಕೋರ್ಟು ಅವನನ್ನು ಮನೆಗೆ ಕಳಿಸಿತು. ಹಾಗಾದರೆ ನಾನು ಗೆದ್ದೆನೋ, ಸೋತೆನೋ?’

ಆಕೆಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಬೇಡ. ತವರಿನವರು ಬೈಕು ಕೊಡಿಸಲಿಲ್ಲವೆಂದು ಗಂಡ ವರ್ಷಗಟ್ಟಲೆ ಹಿಂಸೆ ಕೊಟ್ಟಿದ್ದ. ಒಮ್ಮೆ ಎಡಗೈ ಮುರಿದಿದ್ದ. ಇಂಡಿಯನ್ ಪೀನಲ್ ಕೋಡಿನ 498-ಎ ಕಲಮಿನ ಕೆಳಗೆ ಕೇಸು ದಾಖಲಾಯಿತು. ಆರು ವರ್ಷ ನಡೆಯಿತು. ಆರು ವರ್ಷವೂ ಆಕೆ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊಂದಿಸಿಕೊಂಡು ನ್ಯಾಯಾಲಯಕ್ಕೆ ಅಲೆದಳು. ಕೊನೆಗೆ ಅಪರಾಧ ಸಾಬೀತಾಯಿತು. ಈ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಆದರೆ ಅವನ ವಕೀಲರು, ಇದು ಮೊದಲ ಅಪರಾಧ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ಜೈಲಿಗೆ ಹೋದರೆ ನೌಕರಿ ಹೋಗುತ್ತದೆ ಎಂದು ವಾದಿಸಿದರು. ಎರಡು ವರ್ಷ ಸನ್ನಡತೆಯಿಂದ ಇರುವುದಾಗಿ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಅವನನ್ನು ಬಿಟ್ಟಿತು.

ತವರಿನಲ್ಲಿದ್ದ ಆಕೆಯನ್ನು ಹಿರಿಯರು ಒಂದೇ ವಾರದಲ್ಲಿ ಗಂಡನ ಮನೆಗೆ ಕಳಿಸಿದರು. ‘ಜೈಲಿಗಂತೂ ಹೋಗಲಿಲ್ಲವಲ್ಲ, ಇನ್ನೇನು ಮುನಿಸು, ಮನೆ ಸೇರು’ ಎಂದರು. ಗಂಡ ಊರೆಲ್ಲ ಹೇಳಿಕೊಂಡು ಬಂದ: ‘ಜಡ್ಜ್ ಸಾಹೇಬರೇ ನನ್ನನ್ನು ಬಿಟ್ಟರು.’ ಮೂರು ತಿಂಗಳಿಗೆ ಮತ್ತೆ ಹೊಡೆದ. ಕೇಸು ಮುಗಿದಿದೆ, ಇನ್ನು ಮಾಡುವುದೇನೂ ಇಲ್ಲ ಎಂದುಕೊಂಡು ಆಕೆ ಸುಮ್ಮನಿದ್ದಳು.

ಆಕೆ ತಿಳಿದದ್ದು ತಪ್ಪು. ಅವನು ಹೇಳಿದ್ದೂ ಸುಳ್ಳು. ಹೇಗೆಂಬುದನ್ನು ಈ ದಿನ ನಿಮಗೆ ತಿಳಿಸಬೇಕೆಂದಿದ್ದೇನೆ.

ಪ್ರೊಬೇಷನ್ ಎಂಬ ಮಾತನ್ನು ನೀವು ಸರ್ಕಾರಿ ನೌಕರಿಯ ವಿಷಯದಲ್ಲಿ ಕೇಳಿದ್ದೀರಿ. ಹೊಸದಾಗಿ ಸೇರಿದ ಶಿಕ್ಷಕಿಯ ಕೆಲಸ ನೋಡಿ, ಸರಿಯಿದ್ದರೆ ಖಾಯಂ ಮಾಡುತ್ತಾರೆ, ಇಲ್ಲವಾದರೆ ತೆಗೆಯುತ್ತಾರೆ. ಅಪರಾಧದ ವಿಷಯದಲ್ಲೂ ಬಹುಮಟ್ಟಿಗೆ ಹೀಗೆಯೇ. ತಪ್ಪು ಸಾಬೀತಾಗಿದೆ. ಶಿಕ್ಷೆಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ನ್ಯಾಯಾಲಯ ಕಾಯುತ್ತದೆ. ಹೇಳಿದಂತೆ ನಡೆದರೆ ಜೈಲಿಲ್ಲ. ನಡೆಯದಿದ್ದರೆ ಮತ್ತೆ ಕರೆಸಿ, ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಆದ್ದರಿಂದ ‘ಬಿಟ್ಟರು’ ಎಂಬ ಮಾತು ಸರಿಯಲ್ಲ. ಹಗ್ಗ ಉದ್ದ ಮಾಡಿದ್ದಾರೆ ಅಷ್ಟೆ, ಬಿಚ್ಚಿಲ್ಲ.

ಈ ಪದ್ಧತಿಯನ್ನು ಮೊದಲು ನಡೆಸಿ ತೋರಿಸಿದವನು ವಕೀಲನಲ್ಲ, ಪೊಲೀಸನೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವವನಿದ್ದ. 1841ರಲ್ಲಿ ಒಂದು ದಿನ ಅವನು ನ್ಯಾಯಾಲಯದಲ್ಲಿದ್ದಾಗ ಒಬ್ಬ ಕುಡುಕನನ್ನು ತಂದು ನಿಲ್ಲಿಸಿದರು. ಇವನನ್ನು ನನ್ನ ಜಾಮೀನಿನ ಮೇಲೆ ಬಿಡಿ ಎಂದು ಆಗಸ್ಟಸ್ ಕೇಳಿಕೊಂಡ. ಮೂರು ವಾರ ಕಳೆದು ಆ ಮನುಷ್ಯ ಕುಡಿತ ಬಿಟ್ಟು ಬಂದು ನಿಂತಾಗ, ನ್ಯಾಯಾಧೀಶರು ಒಂದು ಸೆಂಟು ದಂಡ ಹಾಕಿ ಕಳಿಸಿದರು. ಆಮೇಲೆ 1859ರಲ್ಲಿ ಸಾಯುವವರೆಗೆ ಆಗಸ್ಟಸ್ ಹೆಚ್ಚುಕಡಿಮೆ ಎರಡು ಸಾವಿರ ಜನರಿಗೆ ಹೀಗೆ ಜಾಮೀನು ನಿಂತ. ಬರೀ ಜಾಮೀನು ಹಾಕಿ ಕೈತೊಳೆದುಕೊಳ್ಳಲಿಲ್ಲ. ಅವರಿಗೆ ಕೆಲಸ ಹುಡುಕಿದ, ಇರಲು ನೆಲೆ ನೋಡಿದ, ಅವರ ಮೇಲೆ ಕಣ್ಣಿಟ್ಟ. ಅವನ ಊರಿದ್ದ ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಇದಕ್ಕೊಂದು ಕಾನೂನು ಮಾಡಿತು.

ನಮ್ಮ ದೇಶದ ಕಾನೂನು 1958ರದು. ಅದರ ಮುಖ್ಯ ಮಾತುಗಳನ್ನು ಹೇಳುತ್ತೇನೆ. ಸಣ್ಣ ಕಳವು, ಮೋಸ ಮುಂತಾದವುಗಳಲ್ಲಿ ಹಿಂದೆ ಶಿಕ್ಷೆಯಾಗದವರನ್ನು ಬುದ್ಧಿಮಾತು ಹೇಳಿ ಕಳಿಸಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇಲ್ಲದ ಇತರ ಅಪರಾಧಗಳಲ್ಲಿ, ಹೆಚ್ಚೆಂದರೆ ಮೂರು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅಗತ್ಯ ಕಂಡರೆ ಪ್ರೊಬೇಷನ್ ಅಧಿಕಾರಿಯ ಉಸ್ತುವಾರಿಗೆ ಒಪ್ಪಿಸಬಹುದು. ಹಾಗೆ ಒಪ್ಪಿಸಿದರೆ ಉಸ್ತುವಾರಿ ಒಂದು ವರ್ಷಕ್ಕೆ ಕಡಿಮೆ ಇರುವಂತಿಲ್ಲ. ಎಲ್ಲಿ ವಾಸಿಸಬೇಕು, ಕುಡಿಯಬಾರದು ಎಂಬಂಥ ಷರತ್ತು ಹಾಕಬಹುದು. ನೊಂದವರಿಗೆ ಪರಿಹಾರ ಕೊಡೆಂದು ಆದೇಶಿಸಬಹುದು. ಇಪ್ಪತ್ತೊಂದು ವರ್ಷ ತುಂಬದವರನ್ನು ಇಂಥ ಅಪರಾಧಗಳಿಗೆ ಜೈಲಿಗೆ ಕಳಿಸಬೇಕಾದರೆ ನ್ಯಾಯಾಲಯ ಅದಕ್ಕೆ ಕಾರಣ ಬರೆಯಲೇಬೇಕು.

ಒಂದು ಮಾತು ನೆನಪಿಡಿ. ವರದಕ್ಷಿಣೆ ಸಾವಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೆ ಶಿಕ್ಷೆ ಇದೆ. ಆದ್ದರಿಂದ ಅದಕ್ಕೆ ಈ ದಾರಿ ಇಲ್ಲ. ಹೆಂಡತಿಯನ್ನು ಹಿಂಸಿಸಿದ ಅಪರಾಧಕ್ಕೆ, ಅಂದರೆ ಹಳೆಯ 498-ಎ ಕಲಮಿಗೆ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿಗೆ, ಈ ದಾರಿ ಇದೆ.

ಇಷ್ಟು ಕೇಳಿದ ಮೇಲೆ ‘ಇಂಥ ಕಾನೂನು ಯಾಕಾದರೂ ಬೇಕು, ತಪ್ಪು ಮಾಡಿದವರು ಜೈಲಿಗೆ ಹೋಗಲಿ’ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಒಂದು ಕಾಲಕ್ಕೆ ಹಾಗೆಯೇ ಅನಿಸಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ.

ಆಗ ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಶಿಕ್ಷೆಯ ಉದ್ದೇಶ ಸೇಡಲ್ಲ, ಸುಧಾರಣೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. 1993ರಲ್ಲಿ ನನ್ನ ಮನೆಯಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗಿ, ನಮ್ಮ ಅಮ್ಮನ ಎರಡು ಚಿನ್ನದ ಬಳೆ ಕದ್ದಳು. ಅಮ್ಮ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ನಾನು ಪೊಲೀಸರಿಗೆ ದೂರು ಕೊಟ್ಟೆ. ಒಂದು ಬಳೆ ಗಿರವಿ ಅಂಗಡಿಯಲ್ಲಿ ಸಿಕ್ಕಿತು, ಇನ್ನೊಂದು ಕರಗಿಹೋಗಿತ್ತು. ಆ ಹುಡುಗಿ ತಪ್ಪು ಒಪ್ಪಿಕೊಂಡಳು. ಅವಳಿಗೆ ಜೈಲಾಗಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಬೋರ್ಡಿನ ಮೇಲೆ ಬರೆಯುತ್ತಿದ್ದ ಪಾಠ ಒಂದು ದಿನವೂ ನೆನಪಿಗೆ ಬರಲಿಲ್ಲ.

ಒಂದು ಸಂಜೆ ಪ್ರೊಬೇಷನ್ ಅಧಿಕಾರಿ ಸೈಕಲ್ಲಿನಲ್ಲಿ ಮನೆಗೆ ಬಂದರು. ವರದಿ ಬರೆಯಬೇಕಾಗಿದೆ, ನಿಮ್ಮನ್ನು ಕೆಲವು ಮಾತು ಕೇಳಬೇಕು ಎಂದರು. ನಾನು ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. ಅವರು ನಿಂತೇ ಕೇಳಿದರು. ಎಷ್ಟು ವರ್ಷದಿಂದ ಕೆಲಸಕ್ಕಿದ್ದಳು, ಮೊದಲೇನಾದರೂ ಕದ್ದಿದ್ದಳೇ, ಸಂಬಳ ಎಷ್ಟು ಕೊಡುತ್ತಿದ್ದಿರಿ, ಮುಂದೆ ಅವಳಿಂದ ನಿಮಗೆ ಭಯವಿದೆಯೇ? ಸಂಬಳದ ಪ್ರಶ್ನೆಗೆ ನನ್ನ ದನಿ ಸಣ್ಣದಾಯಿತು. ಹೋಗುವಾಗ ಅವರು ಇನ್ನೊಂದು ವಿಷಯ ಹೇಳಿದರು. ಆ ಹುಡುಗಿಯ ಅಕ್ಕನ ಮದುವೆಗೆ ಗಂಡಿನ ಕಡೆಯವರು ಸೈಕಲ್ಲು, ಕೈಗಡಿಯಾರ ಕೇಳಿದ್ದರಂತೆ. ಬಳೆ ಹೋದದ್ದು ಅಲ್ಲಿಗೆ. ವರದಕ್ಷಿಣೆ ವಿರೋಧಿಸಿ ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆ ಏರ್ಪಡಿಸುತ್ತಿದ್ದ ನನ್ನ ಮನೆಯ ಬಳೆ, ವರದಕ್ಷಿಣೆಯಾಗಿ ಹೋಗಿತ್ತು.

ನ್ಯಾಯಾಲಯ ಅವಳನ್ನು ಎರಡು ವರ್ಷದ ಮುಚ್ಚಳಿಕೆಯ ಮೇಲೆ, ಆ ಅಧಿಕಾರಿಯ ಉಸ್ತುವಾರಿಯಲ್ಲಿ ಬಿಟ್ಟಿತು. ಹೋದ ಬಳೆಯ ಬೆಲೆಯನ್ನು ಕಂತಿನಲ್ಲಿ ಕಟ್ಟಬೇಕೆಂದು ಆದೇಶಿಸಿತು. ತಿಂಗಳಿಗೊಂದು ಸೋಮವಾರ ಅವಳು ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ದಾರಿ ನಮ್ಮ ಮನೆಯ ಮುಂದೆಯೇ. ಮೊದಮೊದಲು ಅವಳು ಬರುವ ಹೊತ್ತಿಗೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಒಂದು ತಿಂಗಳೂ ಅವಳು ತಪ್ಪಿಸಲಿಲ್ಲ. ಕಂತನ್ನೂ ಪೂರ್ತಿ ಕಟ್ಟಿದಳು. ಅಧಿಕಾರಿ ಹೇಳಿಸಿ ಹೊಲಿಗೆ ಕಲಿಸಿದರು. ಈಗ ಅವಳದೇ ಹೊಲಿಗೆ ಅಂಗಡಿ ಇದೆ, ಇಬ್ಬರು ಹುಡುಗಿಯರು ಅವಳ ಕೈಕೆಳಗಿದ್ದಾರೆ. ನಮ್ಮಿಬ್ಬರ ನಡುವೆ ಸ್ನೇಹವೇನೂ ಬೆಳೆಯಲಿಲ್ಲ. ದಾರಿಯಲ್ಲಿ ಸಿಕ್ಕರೆ ಅವಳು ತಲೆ ತಗ್ಗಿಸುವುದಿಲ್ಲ, ನಾನೂ ಮುಖ ತಿರುಗಿಸುವುದಿಲ್ಲ. ಅದೇ ದೊಡ್ಡದು. ಜೈಲಿಗೆ ಹೋಗಿದ್ದರೆ ಆರು ತಿಂಗಳ ನಂತರ ಅವಳು ಎಲ್ಲಿಗೆ ಹೋಗುತ್ತಿದ್ದಳು, ಯಾರ ಕೈಗೆ ಸಿಗುತ್ತಿದ್ದಳು ಎಂದು ನೆನೆಸಿಕೊಂಡರೆ ನನಗೆ ಈಗಲೂ ಮೈ ನಡುಗುತ್ತದೆ.

ಜೈಲೆಂದರೆ ಯಾರಿಗೆ ಎಂಬುದನ್ನೂ ನಾವು ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿ 5,73,220 ಜನರಿದ್ದರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ಇನ್ನೂ ತೀರ್ಪೇ ಆಗದ ವಿಚಾರಣಾಧೀನ ಕೈದಿಗಳು. ಹೆಂಗಸರು 23,772. ಅವರಲ್ಲಿ 1,500ಕ್ಕೂ ಹೆಚ್ಚು ತಾಯಂದಿರು ಮಕ್ಕಳನ್ನೂ ಜೊತೆಗೆ ಇಟ್ಟುಕೊಂಡಿದ್ದರು. 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ತಪ್ಪೇನೂ ಮಾಡದ ಮಗು ಬೀಗದ ಸದ್ದು ಕೇಳಿಕೊಂಡು ಬೆಳೆಯುತ್ತದೆ. ಅದಕ್ಕೇ ನಮ್ಮ ದಂಡ ಪ್ರಕ್ರಿಯಾ ಕಾನೂನು, ಹಳೆಯದೂ ಹೊಸದೂ, ಜೀವಾವಧಿ ಅಥವಾ ಮರಣದಂಡನೆ ಇಲ್ಲದ ಅಪರಾಧವನ್ನು ಮೊದಲ ಸಲ ಮಾಡಿದ ಹೆಣ್ಣನ್ನು, ಆಕೆಗೆ ಎಷ್ಟೇ ವಯಸ್ಸಾಗಿರಲಿ, ಮುಚ್ಚಳಿಕೆಯ ಮೇಲೆ ಬಿಡಬಹುದು ಎನ್ನುತ್ತದೆ.

ಈಗ ಇನ್ನೊಂದು ದಾರಿಯೂ ತೆರೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯನ್ನು ಶಿಕ್ಷೆಯ ಒಂದು ಬಗೆಯಾಗಿ ಸೇರಿಸಿದ್ದಾರೆ. ಊರಿಗೆ ಉಪಯೋಗವಾಗುವ ಕೆಲಸವನ್ನು ಕೂಲಿಯಿಲ್ಲದೆ ಮಾಡಬೇಕು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದವರಿಗೆ, ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವರಿಗೆ, ಹೀಗೆ ಆರು ಬಗೆಯ ಸಣ್ಣ ಅಪರಾಧಗಳಿಗೆ ಇದು ಅನ್ವಯಿಸುತ್ತದೆ. ಹೆಂಡತಿಯನ್ನು ಹಿಂಸಿಸುವುದು ಈ ಪಟ್ಟಿಯಲ್ಲಿಲ್ಲ. ‘ದೇವಸ್ಥಾನದ ಅಂಗಳ ಗುಡಿಸಿದ, ಮುಗಿಯಿತು’ ಎಂದು ಯಾರಾದರೂ ನಿಮ್ಮ ಮುಂದೆ ರಾಜಿ ಪಂಚಾಯಿತಿ ಮಾಡಲು ಬಂದರೆ, ಕಾನೂನು ಹಾಗೆ ಹೇಳಿಲ್ಲ ಎಂದು ಗಟ್ಟಿಯಾಗಿ ಹೇಳಿ.

ಈಗ ಮಂಗಳವಾರದ ಪ್ರಶ್ನೆಗೆ ಬರೋಣ. ಒಂದೇ ಕಾನೂನು. ನನ್ನ ಮನೆಯ ಹುಡುಗಿಯನ್ನು ಅದು ಉಳಿಸಿತು. ಈ ಹೆಂಗಸನ್ನು ಯಾಕೆ ಕೈಬಿಟ್ಟಿತು?

ಕದ್ದವಳು ನನ್ನ ಮನೆಗೆ ವಾಪಸು ಬರಲಿಲ್ಲ. ರಾತ್ರಿ ನಾನು ನನ್ನ ಬಾಗಿಲು ಹಾಕಿಕೊಂಡು ಮಲಗಬಹುದಿತ್ತು. ಹೊಡೆದ ಗಂಡ ಮುಚ್ಚಳಿಕೆ ಬರೆದು ನೇರವಾಗಿ ಬಂದದ್ದು, ಹೊಡೆಸಿಕೊಂಡವಳು ಅಡುಗೆ ಮಾಡುವ ಮನೆಗೇ. ಅವಳಿಗೆ ಹಾಕಿಕೊಳ್ಳಲು ಬೇರೆ ಬಾಗಿಲೇ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ನನ್ನ ಮನೆಗೆ ಅಧಿಕಾರಿ ಬಂದು ‘ಅವಳಿಂದ ನಿಮಗೆ ಭಯವಿದೆಯೇ’ ಎಂದು ಕೇಳಿದರು. ಈಕೆಯ ಕೇಸಿನಲ್ಲೂ ವರದಿ ತರಿಸಿದ್ದರು. ಗಂಡನ ಮೇಲಧಿಕಾರಿಯನ್ನು ಕೇಳಿದ್ದರು, ಪಂಚಾಯಿತಿ ಸದಸ್ಯರನ್ನು ಕೇಳಿದ್ದರು, ಅವನ ತಾಯಿಯನ್ನು ಕೇಳಿದ್ದರು. ಮೂವರೂ ಒಳ್ಳೆಯ ಹುಡುಗ ಎಂದಿದ್ದರು. ಮುರಿದ ಕೈಯವಳನ್ನು ಯಾರೂ ಕೇಳಿರಲಿಲ್ಲ. ನೊಂದವರನ್ನು ಕೇಳಲೇಬೇಕೆಂದು 1958ರ ಕಾನೂನಿನಲ್ಲಿ ಬರೆದಿಲ್ಲ. ವರದಿ ಗುಟ್ಟಿನದು. ನ್ಯಾಯಾಲಯ ಮನಸ್ಸು ಮಾಡಿದರೆ ಅದರ ಸಾರವನ್ನು ಅಪರಾಧಿಗೆ ತಿಳಿಸಬಹುದು ಎಂದಿದೆ, ಹೆಂಡತಿಗೆ ತಿಳಿಸುವ ಮಾತೇ ಇಲ್ಲ. ನನ್ನ ಮನೆಗೆ ಸೈಕಲ್ಲಿನಲ್ಲಿ ಬಂದವರು ತಮ್ಮ ಮನಸ್ಸಾಕ್ಷಿಗೆ ಓಗೊಟ್ಟು ಬಂದಿದ್ದರು. ಹೆಣ್ಣಿನ ಜೀವ ಯಾರದೋ ಒಳ್ಳೆಯತನದ ಮೇಲೆ ನಿಲ್ಲಬಾರದು. ಹಿಂಸೆಯ ಪ್ರಕರಣದಲ್ಲಿ ನೊಂದವಳ ಮಾತು ಕೇಳದೆ ಪ್ರೊಬೇಷನ್ ಕೊಡಬಾರದು ಎಂಬುದು ನಿಯಮವೇ ಆಗಬೇಕು. ಇದು ನಮ್ಮ ಬೇಡಿಕೆಯಾಗಬೇಕು.

ಎಲ್ಲ ಗಂಡಂದಿರನ್ನೂ ಜೈಲಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಹೆಂಗಸರು ನಡುವೆ ಕೇಸು ಬಿಡುವುದೇ ‘ಅವನು ಜೈಲಿಗೆ ಹೋದರೆ ಮಕ್ಕಳ ಗತಿಯೇನು, ಸಾಲದ ಕಂತು ಯಾರು ಕಟ್ಟುತ್ತಾರೆ’ ಎಂಬ ಭಯಕ್ಕೆ. ಅವರು ಕೇಳುವುದು ಹೊಡೆತ ನಿಲ್ಲಲಿ ಎಂದು. ಕೆಲವು ಮನೆಗಳಲ್ಲಿ ಸರಿಯಾದ ಷರತ್ತು, ನಿಜವಾದ ಉಸ್ತುವಾರಿ ಇದ್ದರೆ ಪ್ರೊಬೇಷನ್‌ನಿಂದ ಹೊಡೆತ ನಿಲ್ಲಬಹುದು. ಜೀವಕ್ಕೆ ಅಪಾಯವಿರುವ ಕಡೆ ಅದು ಸಲ್ಲದು. ಯಾವುದು ಯಾವ ಮನೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಆ ಮನೆಯ ಹೆಂಗಸಿಗೆ ಗೊತ್ತು. ಆದ್ದರಿಂದ ಅವಳನ್ನೇ ಕೇಳಬೇಕು.

ಕಾನೂನು ಬದಲಾಗುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಈಗಿರುವ ಕಾನೂನಿನಲ್ಲೇ ಮಾಡಬಹುದಾದ ಕೆಲಸ ಸಾಕಷ್ಟಿದೆ.

ಒಂದು, ತೀರ್ಪಿನ ದಿನ ಅವಳೊಬ್ಬಳನ್ನೇ ಕಳಿಸಬೇಡಿ. ಸಂಘದಿಂದ ಇಬ್ಬರಾದರೂ ಜೊತೆಗೆ ಹೋಗಿ. ಶಿಕ್ಷೆಯ ಬಗ್ಗೆ ವಾದ ನಡೆಯುವಾಗ ಅವಳ ಮಾತನ್ನು ಸರ್ಕಾರಿ ವಕೀಲರ ಮೂಲಕ ನ್ಯಾಯಾಧೀಶರಿಗೆ ತಲುಪಿಸಿ. ನ್ಯಾಯಾಲಯದ ಅನುಮತಿ ಪಡೆದು ಅವಳು ತನ್ನದೇ ವಕೀಲರನ್ನೂ ಇಟ್ಟುಕೊಳ್ಳಬಹುದು. ತನಿಖೆಯಿಂದ ಹಿಡಿದು ಮೇಲ್ಮನವಿಯವರೆಗೆ ನೊಂದವರ ಮಾತಿಗೆ ಅವಕಾಶವಿದೆ ಎಂದು 2022ರಲ್ಲಿ ಲಖೀಂಪುರ್ ಖೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಎರಡು, ಬಿಡುವುದೇ ಆದರೆ ಬರಿಯ ಮುಚ್ಚಳಿಕೆ ಸಾಲದು. ಅಧಿಕಾರಿಯ ಉಸ್ತುವಾರಿ ಬೇಕು, ಕುಡಿಯಬಾರದು, ಅವಳಿಗೆ ಪರಿಹಾರ ಕೊಡಬೇಕು ಎಂಬ ಷರತ್ತುಗಳನ್ನು ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಮೂರು, ಆದೇಶದ ಮತ್ತು ಮುಚ್ಚಳಿಕೆಯ ನಕಲು ಪ್ರತಿ ಪಡೆದು ಜೋಪಾನ ಮಾಡಿ. ರೇಷನ್ ಕಾರ್ಡಿನ ಜೊತೆಗೇ ಇಡಿ.

ನಾಲ್ಕು, ಷರತ್ತು ಮುರಿದರೆ ಸುಮ್ಮನಿರಬೇಡಿ. ಪ್ರೊಬೇಷನ್ ಅಧಿಕಾರಿಯ ವರದಿಯಿಂದ ‘ಅಥವಾ ಬೇರೆ ರೀತಿಯಲ್ಲಿ’ ತಿಳಿದರೂ ನ್ಯಾಯಾಲಯ ಅವನನ್ನು ಕರೆಸಬಹುದು ಎಂದು ಆ ಕಾನೂನಿನ 9ನೇ ಕಲಮು ಹೇಳುತ್ತದೆ. ಆ ‘ಬೇರೆ ರೀತಿ’ ಎಂದರೆ ನೀವೂ ಆಗಬಹುದು, ಅವಳೂ ಆಗಬಹುದು. ಮೊದಲ ಸಲದ ತಪ್ಪಿಗೆ ಐವತ್ತು ರೂಪಾಯಿ ಒಳಗಿನ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸುವ ಅವಕಾಶವೂ ಅಲ್ಲಿದೆ. 1958ರ ಐವತ್ತು ರೂಪಾಯಿ! ಹೊಡೆತದ ಬೆಲೆ ಅಷ್ಟೇ ಆಗದಂತೆ ನೋಡಿಕೊಳ್ಳಲು ವಕೀಲರು ಬೇಕು. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಐದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನು ಮರೆಯಬೇಡಿ. ಅದರ ಕೆಳಗೆ ಸಂರಕ್ಷಣಾ ಆದೇಶ ಪಡೆಯಬಹುದು. ದೌರ್ಜನ್ಯ ಮಾಡುವುದಿಲ್ಲವೆಂದು ಮ್ಯಾಜಿಸ್ಟ್ರೇಟರು ಗಂಡನಿಂದ ಮುಚ್ಚಳಿಕೆಯನ್ನೂ ಬರೆಸಿಕೊಳ್ಳಬಹುದು. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಕೆಲಸಕ್ಕೆ ನೀವು ನೋಡುವ ಅದೇ ಸಿಡಿಪಿಒ ಕಚೇರಿಗೆ ಇದಕ್ಕೂ ಹೋಗಬೇಕು.

ಆ ಹೆಂಗಸಿನ ಜೊತೆ ನಾವು ನಾಲ್ವರು ಹೋದೆವು. ನಕಲು ಪ್ರತಿ ಸಿಗಲು ಮೂರು ಸಲ ಅಲೆಯಬೇಕಾಯಿತು. ಅದರಲ್ಲಿ ಉಸ್ತುವಾರಿಯ ಮಾತೇ ಇರಲಿಲ್ಲ. ಕಾವಲಿಗೆ ಯಾರನ್ನೂ ಇಟ್ಟಿರಲಿಲ್ಲ. ಉಚಿತ ವಕೀಲರ ಮೂಲಕ ಅರ್ಜಿ ಹಾಕಿದೆವು. ಸಮನ್ಸ್ ಬಂದ ದಿನದಿಂದ ಆ ಮನುಷ್ಯ ‘ಜಡ್ಜ್ ಸಾಹೇಬರು ಬಿಟ್ಟರು’ ಎನ್ನುವುದನ್ನು ನಿಲ್ಲಿಸಿದ್ದಾನೆ. ಅರ್ಜಿ ಇನ್ನೂ ನಡೆಯುತ್ತಿದೆ. ಆಕೆ ಸದ್ಯ ತವರಿನಲ್ಲಿದ್ದಾಳೆ, ಈ ಸಲ ಹಿರಿಯರು ಕಳಿಸಲು ಬಂದಾಗ ಮುಚ್ಚಳಿಕೆಯ ಪ್ರತಿಯನ್ನು ಮುಂದೆ ಇಟ್ಟಳು. ಗೆದ್ದೆನೋ ಸೋತೆನೋ ಎಂಬ ಪ್ರಶ್ನೆಗೆ ನಾನು ಆಕೆಗೆ ಕೊಟ್ಟ ಉತ್ತರ ಇಷ್ಟೇ: ಕೇಸು ಮುಗಿದಿಲ್ಲ, ಎರಡು ವರ್ಷ ಅದು ನಿನ್ನ ಕೈಯಲ್ಲಿದೆ.

ಕೊನೆಯ ಮಾತು. ನಮ್ಮ ಸಂಘದಲ್ಲಿ ಅಡವಿಲ್ಲದೆ ಸಾಲ ಕೊಡುತ್ತೇವೆ. ಒಬ್ಬಳಿಗೆ ಇನ್ನೊಬ್ಬಳು ಹೊಣೆ. ಕಂತು ತಪ್ಪಿದರೆ ಪಾತ್ರೆ ಜಪ್ತಿ ಮಾಡುವುದಿಲ್ಲ. ನಾಲ್ಕು ಜನ ಅವಳ ಮನೆಗೆ ಹೋಗಿ, ಒಲೆ ಹತ್ತಿದೆಯೋ ಇಲ್ಲವೋ ನೋಡಿ, ಏನಾಯಿತೆಂದು ಕೇಳುತ್ತೇವೆ. ಮುಂದಿನ ವಾರ ಮತ್ತೆ ಕೇಳುತ್ತೇವೆ. ಪುಸ್ತಕದಲ್ಲಿ ಬರೆಯುತ್ತೇವೆ. ಬಾಸ್ಟನ್ನಿನ ಆ ಬೂಟು ಹೊಲಿಯುವವನು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ನಂಬಿಕೆಯ ಜೊತೆಗೆ ಕಾವಲೂ ಇರಬೇಕೆಂದು ನಿಮಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಯಾವ ಗಂಡಸಾದರೂ ಹೆಂಡತಿಯನ್ನು ಹಿಂಸಿಸಿ ಮುಚ್ಚಳಿಕೆಯ ಮೇಲೆ ಹೊರಗಿದ್ದರೆ, ಅವನ ಮುಚ್ಚಳಿಕೆ ಮುಗಿಯುವ ತಾರೀಖನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಪ್ರತಿ ವಾರ ಉಳಿತಾಯದ ಹಣ ಎಣಿಸಿದ ಮೇಲೆ, ಅವಳನ್ನು ಒಂದು ಮಾತು ಕೇಳಿ: ‘ಈ ವಾರ ಹೇಗಿತ್ತು?’ ಕೇಳಿದ ದಿನಾಂಕವನ್ನೂ ಬರೆಯಿರಿ. ನಾಳೆ ನ್ಯಾಯಾಲಯದಲ್ಲಿ ಬೇಕಾಗುತ್ತದೆ.